ಹಿಮನಾಡಿನ ಅಲೆಮಾರಿಗಳ ಕಥೆ ಬರೀತೀರಾ? ಮೊದಲು ಮಂದೆಗೆ ಮೇವು ಹುಡುಕಿ

ಪ್ರಶ್ನೆ: ನಾನು ಕನ್ನಡದಲ್ಲಿ ಒಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ವರ್ಷಪೂರ್ತಿ ಹಿಮ ಮುಚ್ಚಿದ ಒಂದು ನಾಡು, ಅಲ್ಲಿ ದೊಡ್ಡ ಕೊಂಬಿನ ಜಿಂಕೆಯಂಥ ಪ್ರಾಣಿಗಳನ್ನು ಸಾಕಿಕೊಂಡು ಅಲೆಯುವ ಜನ. ಅವರಿಗೆ ತುಪ್ಪಳದ ಬಟ್ಟೆ, ಬೆಂಕಿ ದೇವರು, ಒಬ್ಬ ರಾಜ, ಹಿಮಬಿರುಗಾಳಿ, ಯುದ್ಧ ಎಲ್ಲ ಕೊಟ್ಟಿದ್ದೇನೆ. ಆದರೂ ಓದಿದ ಸ್ನೇಹಿತರು "ನಮ್ಮೂರಿನವರೇ ಸ್ವೆಟರ್ ಹಾಕಿಕೊಂಡ ಹಾಗಿದೆ" ಅಂತಾರೆ. ಅವರ ಊಟ, ಮನೆ, ಕಟ್ಟುಪಾಡು, ನಂಬಿಕೆ ಹೇಗಿರಬೇಕು? ಎಲ್ಲಿಂದ ಶುರು ಮಾಡಲಿ?

ಉತ್ತರ: ನೀವು ಕಳಿಸಿದ ಟಿಪ್ಪಣಿ ಪೂರ್ತಿ ಓದಿದೆ. ದೇವರುಗಳ ವಂಶಾವಳಿ ಇದೆ, ರಾಜನ ಪಟ್ಟಾಭಿಷೇಕ ಇದೆ, ಕತ್ತಿಗಳಿಗೆ ಹೆಸರೂ ಇದೆ. ಆ ಪ್ರಾಣಿ ಏನು ತಿನ್ನುತ್ತದೆ ಅನ್ನುವುದು ಮಾತ್ರ ಎಲ್ಲೂ ಇಲ್ಲ. ಸಮಸ್ಯೆ ಇರುವುದೇ ಅಲ್ಲಿ. ವರ್ಷಪೂರ್ತಿ ಹಿಮ ಇದ್ದರೆ ಏನೂ ಬೆಳೆಯುವುದಿಲ್ಲ, ಏನೂ ಬೆಳೆಯದಿದ್ದರೆ ಮಂದೆ ಇರುವುದಿಲ್ಲ, ಮಂದೆ ಇಲ್ಲದ ಮೇಲೆ ಮಂದೆ ಕಾಯುವವರು ಎಲ್ಲಿಂದ ಬರಬೇಕು? ಹಾಗಾಗಿ ಮೊದಲ ಕೆಲಸ, ನಿಮ್ಮ ನಾಡಿಗೆ ಒಂದು ಬೇಸಿಗೆ ಕೊಡಿ. ಚಿಕ್ಕದಾದರೂ ಸಾಕು.

ಇಂಥ ಬದುಕು ನಿಜಕ್ಕೂ ನಡೆಯುವ ಜಾಗಗಳಿವೆ. ಅದರಲ್ಲಿ ನಿಮಗೆ ತುಂಬ ಹತ್ತಿರವಾಗುವುದು ನೆನೆತ್ಸ್ ಜನರದ್ದು. ರಷ್ಯಾದ ವಾಯವ್ಯ ಸೈಬೀರಿಯಾದಲ್ಲಿ ಯಮಾಲ್ ಅಂತ ಒಂದು ಪರ್ಯಾಯ ದ್ವೀಪ, ಉತ್ತರದ ಕಾರಾ ಸಮುದ್ರದ ಕಡೆಗೆ ಸುಮಾರು 700 ಕಿಲೋಮೀಟರ್ ಚಾಚಿಕೊಂಡಿದೆ. 2010ರ ಜನಗಣತಿ ಪ್ರಕಾರ ರಷ್ಯಾದಲ್ಲಿ ಸುಮಾರು 45 ಸಾವಿರ ನೆನೆತ್ಸರು ಇದ್ದರು. ಅದರಲ್ಲಿ ಸಾವಿರಾರು ಜನ ಇವತ್ತಿಗೂ ಹಿಮಸಾರಂಗಗಳ (ರೈನ್‌ಡೀರ್) ಮಂದೆ ಹಿಂದೆ ಸಂಸಾರ ಸಮೇತ ಅಲೆಯುತ್ತಾರೆ. ಚಳಿಗಾಲಕ್ಕೆ ದಕ್ಷಿಣದ ಕಾಡಿನ ಅಂಚಿಗೆ, ಬೇಸಿಗೆಗೆ ಉತ್ತರದ ಕಡಲ ತೀರಕ್ಕೆ. ಕೆಲವು ಗುಂಪುಗಳು ವರ್ಷಕ್ಕೆ ಸಾವಿರ ಕಿಲೋಮೀಟರಿಗೂ ಜಾಸ್ತಿ ನಡೆಯುತ್ತವೆ.

ಯಾಕೆ ನಡೆಯಬೇಕು? ಚಳಿಗಾಲದಲ್ಲಿ ಹಿಮಸಾರಂಗದ ಮುಖ್ಯ ಮೇವು ಕಲ್ಲುಹೂವು. ನಾವು ಮಸಾಲೆಗೆ ಹಾಕುತ್ತೇವಲ್ಲ, ಅದರ ದೂರದ ನೆಂಟ, ನೆಲದ ಮೇಲೆ ಬೂದುಬಿಳಿ ಸ್ಪಂಜಿನ ಹಾಗೆ ಹರಡಿರುತ್ತದೆ. ಇದು ವರ್ಷಕ್ಕೆ ಬೆಳೆಯುವುದು ಕೆಲವೇ ಮಿಲಿಮೀಟರ್. ಒಮ್ಮೆ ಬುಡಮಟ್ಟ ಮೇಯ್ದು ತುಳಿದು ಹಾಳು ಮಾಡಿದರೆ ಆ ಜಾಗ ಚೇತರಿಸಿಕೊಳ್ಳಲು ದಶಕಗಳೇ ಬೇಕು. ಅಂದರೆ ಒಂದೇ ಕಡೆ ಕೂತ ಮಂದೆ ತನ್ನ ಮಕ್ಕಳ ಕಾಲದ ಊಟವನ್ನೂ ತಿಂದು ಮುಗಿಸುತ್ತದೆ. ಅಲೆಮಾರಿಗಳು ಅಂದರೆ ಗೊತ್ತುಗುರಿ ಇಲ್ಲದೆ ತಿರುಗುವವರು ಅಂತ ನಿಮ್ಮ ಕಥೆಯಲ್ಲಿ ಎರಡು ಮೂರು ಕಡೆ ಧ್ವನಿ ಬರುತ್ತದೆ, ಅದನ್ನು ದಯವಿಟ್ಟು ತೆಗೆಯಿರಿ. ಇವರಷ್ಟು ಕರಾರುವಾಕ್ಕಾಗಿ ದಾರಿ ಗೊತ್ತಿರುವವರು ಯಾರೂ ಇಲ್ಲ. ಹೊಳೆಯ ಮಂಜುಗಡ್ಡೆ ಒಡೆಯುವ ಮುಂಚೆ ದಾಟಬೇಕು, ಮರಿ ಹಾಕುವ ಹೊತ್ತಿಗೆ ಗಾಳಿಗೆ ಮರೆ ಇರುವ ಜಾಗ ಸೇರಬೇಕು, ಹೋದ ವರ್ಷ ಮೇಯಿಸಿದ ಜಾಗ ಬಿಡಬೇಕು.

ಇನ್ನು ಆ ಪ್ರಾಣಿ. ನಿಮ್ಮ ಮುಖಪುಟಕ್ಕೆ ಬರೆಸಿದ ಚಿತ್ರದಲ್ಲಿ ನಟ್ಟನಡು ಚಳಿಗಾಲದಲ್ಲಿ ಮಂದೆಯ ಮುಂದೆ ಭಾರಿ ಕೊಂಬಿನ ಗಂಡು ನಿಂತಿದೆ. ಹಿಮಸಾರಂಗದಲ್ಲಿ ಹೆಣ್ಣಿಗೂ ಕೊಂಬು ಇರುತ್ತದೆ. ಬಲಿತ ಗಂಡುಗಳು ಬೆದೆಗಾಲ ಮುಗಿದು ಚಳಿಗಾಲ ಶುರುವಾಗುವ ಹೊತ್ತಿಗೆ ಕೊಂಬು ಉದುರಿಸಿಕೊಂಡು ಬೋಳಾಗಿರುತ್ತವೆ. ಹೆಣ್ಣುಗಳು ಮಾತ್ರ ವಸಂತದಲ್ಲಿ ಮರಿ ಹಾಕುವ ತನಕ ಇಟ್ಟುಕೊಳ್ಳುತ್ತವೆ. ಹಿಮದಲ್ಲಿ ಗುಂಡಿ ತೋಡಿ ಮೇವು ಹುಡುಕಿದ ಬಸುರಿ ಹೆಣ್ಣನ್ನು ಯಾವ ಗಂಡೂ ಅಲ್ಲಿಂದ ಎಬ್ಬಿಸುವ ಹಾಗಿಲ್ಲ, ಕೊಂಬಿನಿಂದ ತಿವಿಸಿಕೊಳ್ಳಬೇಕಾಗುತ್ತದೆ. ಹಿಮದ ಮೇಲೆ ಜಾರುಬಂಡಿ ಎಳೆಯುವ, ಬೀಜ ಒಡೆದ ಗಂಡುಗಳಿಗೆ ಕೊಂಬು ಇನ್ನಷ್ಟು ದಿನ ಉಳಿಯುತ್ತದೆ, ಬೇಕಿದ್ದರೆ ಚಿತ್ರಕ್ಕೆ ಅದನ್ನು ಹಾಕಿ. ಇನ್ನೊಂದು ವಿಷಯ, ನೀವು ಕಲ್ಪಿಸಿಕೊಂಡು ಬರೆದರೂ ಇಷ್ಟು ಚೆಂದ ಬರುವುದಿಲ್ಲ: ಇವುಗಳ ಕಣ್ಣಿನ ಒಳಪದರ ಬೇಸಿಗೆಯಲ್ಲಿ ಹೊನ್ನಿನ ಬಣ್ಣ, ಚಳಿಗಾಲದ ಕತ್ತಲಲ್ಲಿ ನೀಲಿ. ನಡೆಯುವಾಗ ಕಾಲಿನ ಸ್ನಾಯುರಜ್ಜು ಮೂಳೆಯ ಮೇಲೆ ಜಾರಿ ಚಿಟಕ್ ಚಿಟಕ್ ಅನ್ನುತ್ತದೆ. ಮಂಜು ಕವಿದು ಏನೂ ಕಾಣದಿದ್ದರೂ ಮಂದೆ ಎಲ್ಲಿದೆ ಅಂತ ಕಿವಿಗೆ ಗೊತ್ತಾಗುತ್ತದೆ. ಮತ್ತೆ ಉಪ್ಪಿನ ಆಸೆ ಎಷ್ಟು ಅಂದರೆ, ರಾತ್ರಿ ಯಾರಾದರೂ ಉಚ್ಚೆ ಹೊಯ್ಯಲು ಡೇರೆಯಿಂದ ಆಚೆ ಬಂದರೆ ಸಾಕು, ಹಳದಿಯಾದ ಹಿಮ ನೆಕ್ಕಲು ಪಳಗಿದ ಪ್ರಾಣಿಗಳು ಓಡಿ ಬಂದು ಒಂದನ್ನೊಂದು ನೂಕಾಡುತ್ತವೆ. ನಿಮ್ಮ ಗಂಭೀರ ನಾಯಕನಿಗೆ ಇಂಥದ್ದೊಂದು ದೃಶ್ಯ ಬರೆಯಿರಿ, ಓದುಗರು ಆ ನಾಡನ್ನು ಆಗಿಂದಾಗಲೇ ನಂಬುತ್ತಾರೆ.

ಈಗ ಖಳನಾಯಕನ ವಿಷಯ. ನೀವು ಚಳಿಯನ್ನೇ ಖಳ ಮಾಡಿದ್ದೀರಿ. ಬೆಂಗಳೂರಿನಲ್ಲಿ ಕೂತು ಯೋಚಿಸಿದರೆ ಹಾಗನ್ನಿಸುವುದು ಸಹಜ. ಆದರೆ ಹಿಮಸಾರಂಗದ ಕೂದಲು ಒಳಗೆ ಟೊಳ್ಳು, ಗಾಳಿ ತುಂಬಿರುತ್ತದೆ, ಮೈನಸ್ 40 ಡಿಗ್ರಿಯಲ್ಲಿ ಅದು ಹಾಯಾಗಿ ಮಲಗುತ್ತದೆ. ಅದರ ಚರ್ಮ ಹೊದ್ದ ಮನುಷ್ಯನೂ ಅಷ್ಟೇ. ಚಳಿ ಇವರ ಶತ್ರುವಲ್ಲ, ಒಗ್ಗಿಹೋದ ನೆರೆಯವನು. ಇವರು ಹೆದರುವುದು ಚಳಿಗಾಲದ ನಡುವೆ ಬರುವ ಬೆಚ್ಚಗಿನ ದಿನಕ್ಕೆ. ಮಳೆಗೆ! ಹಿಮದ ಮೇಲೆ ಮಳೆ ಬಿದ್ದು ಮತ್ತೆ ಹೆಪ್ಪುಗಟ್ಟಿದರೆ ನೆಲದ ಮೇಲೆ ಗಟ್ಟಿ ಮಂಜಿನ ಹಾಸು ಬೀಳುತ್ತದೆ. ಮೊಣಕಾಲುದ್ದದ ಹಿಮದ ಅಡಿಯ ಕಲ್ಲುಹೂವನ್ನು ಮೂಸಿ ಹುಡುಕಿ ಗೊರಸಿನಿಂದ ತೋಡಬಲ್ಲ ಪ್ರಾಣಿಗೆ ಈ ಹಾಸನ್ನು ಒಡೆಯಲು ಆಗುವುದಿಲ್ಲ. ಮೇವು ಕಾಲಡಿಯಲ್ಲೇ ಇದ್ದರೂ ಹಸಿದು ಸಾಯುತ್ತದೆ. 2013ರ ನವೆಂಬರಿನಲ್ಲಿ ಯಮಾಲಿನಲ್ಲಿ ಇದೇ ಆಯಿತು. ಆ ಚಳಿಗಾಲ ಕಳೆಯುವಷ್ಟರಲ್ಲಿ ಸುಮಾರು 61 ಸಾವಿರ ಹಿಮಸಾರಂಗಗಳು ಸತ್ತವು. ಮಂದೆ ಕಳೆದುಕೊಂಡ ಸಂಸಾರಗಳು ಮೀನು ಹಿಡಿದು ಹೊಟ್ಟೆ ಹೊರೆದುಕೊಂಡವು, ನೆಂಟರಿಂದ ಬಂಡಿ ಎಳೆಯುವ ಪ್ರಾಣಿಗಳನ್ನು ಕಡ ತಂದವು. ಬಂಡಿಗೆ ಕಟ್ಟಲು ಪ್ರಾಣಿ ಇಲ್ಲದಿದ್ದರೆ ನಿಂತ ಜಾಗದಿಂದ ಕದಲಲೂ ಆಗುವುದಿಲ್ಲ, ಅಲ್ವಾ.

ಹಾಗಾಗಿ ನಿಮ್ಮ ಹಿಮಬಿರುಗಾಳಿ ಅಧ್ಯಾಯ ತೆಗೆದು ಅಲ್ಲಿ ಮಳೆ ಬರಿಸಿ. ಮಳೆ ಬಂತು ಅಂದರೆ ಖುಷಿಪಡುವ ಕನ್ನಡ ಓದುಗನಿಗೆ, ಡೇರೆಯ ಮೇಲೆ ಟಪಟಪ ಸದ್ದು ಕೇಳಿ ಒಂದಿಡೀ ಸಂಸಾರ ಮುಖ ಬಿಳಿಚಿಕೊಂಡು ಕೂರುವುದನ್ನು ತೋರಿಸಿ. ಯುದ್ಧದ ಇಪ್ಪತ್ತು ಪುಟಕ್ಕಿಂತ ಇದು ಮೇಲು.

ಬೇಸಿಗೆಯೂ ಆರಾಮಲ್ಲ. ನೆಲ ಒಂದಡಿ ಎರಡಡಿ ಕರಗಿ ಕೆಸರಾಗುತ್ತದೆ, ಅದರ ಕೆಳಗೆ ಸದಾ ಹೆಪ್ಪುಗಟ್ಟಿದ ನೆಲ ಇರುವುದರಿಂದ ನೀರು ಇಂಗುವುದಿಲ್ಲ, ಸೊಳ್ಳೆಗೆ ಸುಗ್ಗಿ. ಸೊಳ್ಳೆಗಿಂತ ಕೆಟ್ಟದ್ದು ಪ್ರಾಣಿಯ ಮೈಮೇಲೆ ಮೊಟ್ಟೆ ಇಡುವ ಒಂದು ಬಗೆಯ ನೊಣ, ಅದರ ಹುಳು ಚರ್ಮದ ಅಡಿ ಬೆಳೆದು ಬೆನ್ನು ತೂತು ಮಾಡಿ ಹೊರಬರುತ್ತದೆ. ಇದರ ಕಾಟಕ್ಕೆ ಮಂದೆ ಹುಚ್ಚೆದ್ದು ಓಡುತ್ತದೆ. ಕಡಲ ತೀರಕ್ಕೆ ಹೋಗುವುದು ಹುಲ್ಲಿಗೆ ಎಷ್ಟೋ, ಈ ನೊಣ ಸೊಳ್ಳೆಗಳನ್ನು ಓಡಿಸುವ ಗಾಳಿಗೂ ಅಷ್ಟೇ. ಡೇರೆಯ ಹತ್ತಿರ ಹೊಗೆ ಹಾಕಿದರೆ ಸಾರಂಗಗಳು ತಾವಾಗಿ ಬಂದು ಹೊಗೆಯೊಳಗೆ ನಿಲ್ಲುತ್ತವೆ.

ಮನೆಗೆ ಬರೋಣ. ನಿಮ್ಮವರು ಹಿಮದ ಕೋಟೆಯಲ್ಲಿದ್ದಾರೆ, ಬೇಡ. ನೆನೆತ್ಸರ ಡೇರೆಗೆ ರಷ್ಯನ್ ಮಾತಿನಲ್ಲಿ ಚುಮ್ ಅನ್ನುತ್ತಾರೆ. ಮೂವತ್ತು ನಲವತ್ತು ಉದ್ದನೆಯ ಗಳುಗಳನ್ನು ತುದಿ ಕೂಡಿಸಿ ನಿಲ್ಲಿಸಿ, ಚಳಿಗಾಲದಲ್ಲಿ ಹಿಮಸಾರಂಗದ ಚರ್ಮದ ಎರಡು ಪದರ ಹೊದಿಸುತ್ತಾರೆ. ಬೇಸಿಗೆಯಲ್ಲಿ ಹಿಂದೆ ಭೂರ್ಜ ಮರದ ತೊಗಟೆ, ಈಗ ಕ್ಯಾನ್ವಾಸ್. ಮರವೇ ಇಲ್ಲದ ಬಯಲಿನಲ್ಲಿ ಗಳು ಅಂದರೆ ಆಸ್ತಿ, ಅದನ್ನೂ ಹೊತ್ತೇ ಸಾಗಬೇಕು. ನಡುವೆ ಒಲೆ. ಒಲೆಯ ಆಚೆ, ಬಾಗಿಲಿಗೆ ಎದುರಾಗಿ, ದೇವರ ಜಾಗ. ಬಾಗಿಲ ಬಳಿ ಸೌದೆ ಮತ್ತು ನಾಯಿ. ಎಡಕ್ಕೂ ಬಲಕ್ಕೂ ಮಲಗುವ ಜಾಗ, ಎರಡು ಸಂಸಾರ ಇದ್ದರೆ ಸಂಸಾರಕ್ಕೊಂದು ಬದಿ. ಮುಖ್ಯ ಮಾತು, ಇದನ್ನು ಕಟ್ಟುವವರೂ ಬಿಚ್ಚುವವರೂ ಹೆಂಗಸರು. ಡೇರೆ ಅವರದ್ದು. ಗಂಡಸು ಮಂದೆ ನೋಡಿಕೊಳ್ಳುತ್ತಾನೆ, ಬಂಡಿ ಮಾಡುತ್ತಾನೆ, ಹಗ್ಗ ಹೆಣೆಯುತ್ತಾನೆ. ಹೆಂಗಸು ಇಲ್ಲದ ಗಂಡಸಿಗೆ ಮನೆಯಿಲ್ಲ, ಬಟ್ಟೆಯಿಲ್ಲ. ನಿಮ್ಮ ಕಥೆಯಲ್ಲಿ ಹೆಂಗಸರು ಡೇರೆಯೊಳಗೆ ಕೂತು ಗಂಡಸರ ದಾರಿ ಕಾಯುತ್ತಾರೆ, ಅವರಿಗೆ ಅಷ್ಟು ಪುರುಸೊತ್ತು ಎಲ್ಲಿದೆ ಹೇಳಿ. ಬೆಳಕು ಇರುವುದು ಕೆಲವೇ ಗಂಟೆ, ಅಷ್ಟರಲ್ಲಿ ಹಿಮ ಕರಗಿಸಿ ನೀರು ಮಾಡಬೇಕು, ಚರ್ಮ ಹೆರೆದು ಹದ ಮಾಡಬೇಕು, ಪ್ರಾಣಿಯ ನರ ಎಳೆದು ಹೊಸೆದು ದಾರ ಮಾಡಿ ಹೊಲಿಯಬೇಕು.

ಹೊಲಿಗೆ ಅಂದರೆ ಸುಮ್ನೆ ಅಲ್ಲ. ಗಂಡಸಿನ ಮಾಲಿತ್ಸಾ ತಲೆಯಿಂದ ಇಳಿಬಿಡುವ ನಿಲುವಂಗಿ, ತುಪ್ಪಳ ಒಳಗೆ, ಟೋಪಿಯೂ ಕೈಗವಸೂ ಅದಕ್ಕೇ ಹೊಲಿದುಕೊಂಡಿರುತ್ತವೆ. ಹಾಗಾಗಿ ಗಾಳಿ ನುಗ್ಗುವ ಸಂದಿ ಇಲ್ಲ, ಕೈಗವಸು ಬಿದ್ದುಹೋಗುವ ಭಯ ಇಲ್ಲ. ತುಂಬಾ ಚಳಿಯಿದ್ದರೆ ಇದರ ಮೇಲೆ ತುಪ್ಪಳ ಹೊರಗಿರುವ ಇನ್ನೊಂದು. ಹೆಂಗಸಿನದ್ದು ಮುಂದೆ ಬಿಚ್ಚುವ ಅಂಗಿ, ಮಗುವಿಗೆ ಹಾಲು ಕೊಡಬೇಕಲ್ಲ. ಪಾದರಕ್ಷೆಗೆ ಪ್ರಾಣಿಯ ಕಾಲಿನ ಚರ್ಮವೇ ಆಗಬೇಕು, ಅಲ್ಲಿನ ಕೂದಲು ಗಿಡ್ಡ, ಗಟ್ಟಿ, ಬೇಗ ಸವೆಯುವುದಿಲ್ಲ. ಕೂಸಿನ ತೊಟ್ಟಿಲಿಗೆ ಒಣಗಿಸಿದ ಪಾಚಿ ಮತ್ತು ಮರದ ಹೊಟ್ಟು ಹಾಸುತ್ತಾರೆ, ಒದ್ದೆಯಾದದ್ದನ್ನು ತೆಗೆದು ಬಿಸಾಕಿ ಹೊಸದು ಹಾಕಿದರೆ ಮುಗೀತು. ನಿಮ್ಮ ನಾಯಕಿಯ ಕೈಯಲ್ಲಿ ಕೂಸಿದೆ, ಆ ಚಳಿಯಲ್ಲಿ ಅದರ ಬಟ್ಟೆ ಒಗೆದು ಒಣಗಿಸುವವರು ಯಾರು ಅಂತ ಯೋಚಿಸಿದ್ದಿರಾ?

ಊಟದ ವಿಷಯದಲ್ಲಿ ನೀವು ಸ್ವಲ್ಪ ಸಂಕೋಚ ಬಿಡಬೇಕು. ನಿಮ್ಮ ಜನ ಸೊಪ್ಪಿನ ಸಾರು ಕುಡಿಯುತ್ತಿದ್ದಾರೆ, ಸೊಪ್ಪು ಎಲ್ಲಿಂದ ಬಂತು? ನೆನೆತ್ಸರು ಪ್ರಾಣಿಯನ್ನು ಹಗ್ಗ ಬಿಗಿದು ಕೊಲ್ಲುತ್ತಾರೆ, ರಕ್ತ ಒಂದು ಹನಿಯೂ ನೆಲಕ್ಕೆ ಹೋಗಬಾರದು. ಹೊಟ್ಟೆ ಬಿಡಿಸಿದರೆ ಅದೇ ಬಟ್ಟಲು. ಸುತ್ತ ನಿಂತು ಬಿಸಿ ಇರುವಾಗಲೇ ಪಿತ್ತಜನಕಾಂಗ, ಮೂತ್ರಪಿಂಡ ಹಂಚಿಕೊಂಡು, ಮಾಂಸದ ತುಂಡನ್ನು ರಕ್ತದಲ್ಲಿ ಅದ್ದಿ, ಬಾಯಲ್ಲಿ ಕಚ್ಚಿ ಹಿಡಿದು ತುಟಿಯ ಹತ್ತಿರವೇ ಚಾಕುವಿನಿಂದ ಕೊಯ್ದುಕೊಂಡು ತಿನ್ನುತ್ತಾರೆ. ಚಿಕ್ಕ ಮಕ್ಕಳೂ ಹಾಗೇ. ಇದರಲ್ಲಿ ಕ್ರೌರ್ಯ ಹುಡುಕಬೇಡಿ. ತರಕಾರಿ ಹಣ್ಣು ಇಲ್ಲದ ಕಡೆ ಸಿ ಜೀವಸತ್ವ ಸಿಗುವುದು ಹಸಿ ಮಾಂಸ, ಹಸಿ ಪಿತ್ತಜನಕಾಂಗದಿಂದ. ಚೆನ್ನಾಗಿ ಬೇಯಿಸಿದರೆ ಅದು ಹೋಗುತ್ತದೆ, ವಸಡಿನಲ್ಲಿ ರಕ್ತ ಒಸರುವ ಸ್ಕರ್ವಿ ಬರುತ್ತದೆ. ಹೆಪ್ಪುಗಟ್ಟಿದ ಹಸಿ ಮೀನನ್ನು ಚಾಕುವಿನಿಂದ ತೆಳ್ಳಗೆ ಹೆರೆದು ತಿನ್ನುವುದೂ ಇದೆ. ಜೊತೆಗೆ ಬ್ರೆಡ್ಡು, ಸಕ್ಕರೆ ಹಾಕಿದ ಚಹಾ, ಅದು ಅಂಗಡಿಯದ್ದು. ಹಾಲು? ಇವರು ಕರೆಯುವುದಿಲ್ಲ. ಆದರೆ ಉತ್ತರ ಮಂಗೋಲಿಯದ ಕಾಡಿನಲ್ಲಿರುವ ದುಖಾ ಜನ ಇದೇ ಪ್ರಾಣಿಯ ಹಾಲು ಕರೆಯುತ್ತಾರೆ, ಬೆನ್ನ ಮೇಲೆ ಕೂತು ಸವಾರಿಯನ್ನೂ ಮಾಡುತ್ತಾರೆ. ನಿಮ್ಮವರು ಮಂದೆಯನ್ನು ಸಾವಿರಗಟ್ಟಲೆ ಇಟ್ಟುಕೊಂಡು, ದಿನಾ ಹಾಲೂ ಕರೆದು, ಮೇಲೆ ಕೂತು ಯುದ್ಧಕ್ಕೂ ಹೋಗುತ್ತಿದ್ದಾರೆ. ಒಂದನ್ನು ಆರಿಸಿಕೊಳ್ಳಿ. ಹಾಲು ಕರೆಯಬೇಕು ಅಂದರೆ ಮಂದೆ ಚಿಕ್ಕದಿರಬೇಕು, ಪ್ರತಿಯೊಂದೂ ಕೈಗೆ ಪಳಗಿರಬೇಕು.

ಸಾಗುವಾಗ ಬಂಡಿಗಳ ಸಾಲು ಉದ್ದಕ್ಕೆ ಇರುತ್ತದೆ. ಹಿಮದ ಮೇಲೆ ಜಾರುವ ಮರದ ಬಂಡಿಗಳು, ಗಾಲಿ ಇಲ್ಲ. ಒಂದೊಂದಕ್ಕೂ ಒಂದೊಂದು ಕೆಲಸ: ಗಳುಗಳಿಗೆ ಒಂದು, ಬಟ್ಟೆಗೆ ಒಂದು, ಒಲೆಗೆ ಒಂದು, ದೇವರಿಗೇ ಬೇರೆ ಒಂದು. ಬೇಸಿಗೆಗೆ ಹೋಗುವಾಗ ಚಳಿಗಾಲದ ತುಪ್ಪಳದ ಬಟ್ಟೆ, ಹೊದಿಕೆ ಎಲ್ಲ ಒಂದು ಬಂಡಿಗೆ ಹೇರಿ, ಕಟ್ಟಿ, ಬಟಾಬಯಲಲ್ಲಿ ಬಿಟ್ಟು ಹೋಗುತ್ತಾರೆ. ತಿಂಗಳುಗಳಾದ ಮೇಲೆ ಮರಳಿ ಬಂದಾಗ ಅದು ಅಲ್ಲೇ ಇರುತ್ತದೆ. ಬೀಗ ಇಲ್ಲ, ಕಾವಲಿಲ್ಲ. ಇವರ ಕಾನೂನು ಏನು ಅಂತ ಕೇಳಿದ್ದಿರಲ್ಲ, ಶಾಸನ ಬರೆಯುವ ಬದಲು ಆ ಒಂಟಿ ಬಂಡಿಯನ್ನು ತೋರಿಸಿ. ಅದನ್ನು ಕದ್ದವನು ಒಂದು ಸಂಸಾರವನ್ನು ಕೊಂದಂತೆಯೇ. ನಿಮ್ಮ ಕಥೆಗೆ ನಿಜವಾದ ಅಪರಾಧ ಬೇಕಿದ್ದರೆ ಇದಕ್ಕಿಂತ ದೊಡ್ಡದು ಬೇಕಿಲ್ಲ.

ನಂಬಿಕೆಗಳ ಬಗ್ಗೆ. ನೆನೆತ್ಸರಲ್ಲಿ ಆಕಾಶದ ದೇವರು ನುಮ್, ಪಾತಾಳದಲ್ಲಿ ರೋಗ ಸಾವುಗಳ ಒಡೆಯ ನ್ಗಾ, ಇಬ್ಬರ ನಡುವೆ ಡೋಲು ಬಡಿದು ಮಾತಾಡುವ ಶಾಮನ್. ಆದರೆ ದಿನದ ಬದುಕಿನಲ್ಲಿ ಹತ್ತಿರದವರು ಬಂಡಿಯಲ್ಲಿ ಜೊತೆಗೇ ಪ್ರಯಾಣ ಮಾಡುವ ಮರದ ದೇವರುಗಳು. ತುಪ್ಪಳದ ಬಟ್ಟೆ ತೊಡಿಸಿ, ಬಲಿ ಕೊಟ್ಟಾಗ ಬಾಯಿಗೆ ರಕ್ತ ಸವರುತ್ತಾರೆ. 1556ರಲ್ಲೇ ಸ್ಟೀಫನ್ ಬರೋ ಎಂಬ ಇಂಗ್ಲಿಷ್ ನಾವಿಕ ಅಲ್ಲಿನ ವೈಗಾಚ್ ದ್ವೀಪದಲ್ಲಿ ಬಾಯಿ ಕಣ್ಣಿಗೆ ರಕ್ತ ಬಳಿದ ಇಂಥ ಮೂರ್ತಿಗಳ ರಾಶಿ ನೋಡಿ ದಾಖಲಿಸಿದ್ದಾನೆ. ಬೆಂಕಿ ದೇವರು ಬೇಡ ಅನ್ನುವುದಿಲ್ಲ, ಒಲೆಗೆ ಅಲ್ಲಿ ಮರ್ಯಾದೆ ಇದ್ದೇ ಇದೆ. ಆದರೆ ಗುಡಿ ಕಟ್ಟಬೇಡಿ, ಗುಡಿಯನ್ನು ಹೊತ್ತು ನಡೆಯಲು ಆಗುವುದಿಲ್ಲ.

ಮೈಲಿಗೆ ಕಟ್ಟುಪಾಡುಗಳೂ ಇವೆ, ಮುಚ್ಚಿಡಬೇಡಿ. ಹೆಂಗಸು ಗಂಡಸಿನ ಹಗ್ಗ ದಾಟಬಾರದು, ಮಂದೆ ಓಡಿಸುವ ಕೋಲು ದಾಟಬಾರದು, ಒಲೆಗೂ ಡೇರೆಯ ಹಿಂದಿರುವ ದೇವರ ಬಂಡಿಗೂ ನಡುವಿನ ಗೆರೆ ತುಳಿಯಬಾರದು. ತುಳಿದರೆ ಹೊಗೆ ಹಾಕಿ ಶುದ್ಧ ಮಾಡಬೇಕು. ಡೇರೆಯ ಒಡತಿ ಅವಳೇ, ಡೇರೆಯ ಸುತ್ತ ಬರಲಾಗದವಳೂ ಅವಳೇ. ಈ ಎರಡನ್ನೂ ಒಟ್ಟಿಗೆ ಇಟ್ಟರೆ ಮಾತ್ರ ಸಮಾಜ ನಿಜ ಅನ್ನಿಸುತ್ತದೆ. ಬರೀ ಸಮಾನತೆಯ ಸ್ವರ್ಗ ಬರೆದರೂ ಸುಳ್ಳು, ಬರೀ ದಬ್ಬಾಳಿಕೆ ಬರೆದರೂ ಸುಳ್ಳು.

ಸತ್ತವರನ್ನು ನೀವು ಹೂಳಿದ್ದೀರಿ. ಕಲ್ಲಿನಂತೆ ಹೆಪ್ಪುಗಟ್ಟಿದ ನೆಲವನ್ನು ಅಗೆಯುವುದು ಹೇಗೆ? ನೆನೆತ್ಸರು ಹೆಣವನ್ನು ಮರದ ಪೆಟ್ಟಿಗೆಯಲ್ಲಿಟ್ಟು ನೆಲದ ಮೇಲೇ ಬಿಡುತ್ತಾರೆ. ಪಕ್ಕದಲ್ಲಿ ಸತ್ತವರ ಬಂಡಿಯನ್ನು ಮುರಿದು ಮಗುಚಿ ಹಾಕುತ್ತಾರೆ, ಚಾಕು ಪಾತ್ರೆಗಳನ್ನೂ ಮುರಿದು ಅಥವಾ ತೂತು ಮಾಡಿ ಇಡುತ್ತಾರೆ, ಆ ಲೋಕದಲ್ಲಿ ಅವು ಸರಿಯಿರಲಿ ಅಂತ. ಹೆಣದ ಬಂಡಿ ಎಳೆದು ತಂದ ಸಾರಂಗವನ್ನು ಅಲ್ಲೇ ಬಲಿ ಕೊಡುತ್ತಾರೆ. ಪೆಟ್ಟಿಗೆಯ ಮೇಲಿನ ಅಡ್ಡಗಳುವಿಗೆ ಬಾರಿಸುವ ಗಂಟೆಯೊಂದನ್ನು ತೂಗುಹಾಕುತ್ತಾರೆ.

ಮಕ್ಕಳಿಗೆ ಒಂದು ಪಾತ್ರ ಕೊಡಿ. ತಾಯಿ ಸತ್ತ ಸಾರಂಗದ ಮರಿಯನ್ನು ಡೇರೆಯೊಳಗೆ ತಂದು, ಕೈಯಾರೆ ತಿನ್ನಿಸಿ ಬೆಳೆಸುವ ರೂಢಿ ಅಲ್ಲಿದೆ, ಅದಕ್ಕೆ ಅವ್ಕಾ ಅನ್ನುತ್ತಾರೆ. ದೊಡ್ಡದಾದ ಮೇಲೂ ಅದು ಬಾಗಿಲಲ್ಲಿ ತಲೆ ತೂರಿಸಿ ಬ್ರೆಡ್ಡು ಬೇಡುತ್ತದೆ, ಅದನ್ನು ಕೊಯ್ಯುವುದಿಲ್ಲ. ಮಾಂಸ ತಿನ್ನುವ ಜನ ಪ್ರಾಣಿಯನ್ನು ಪ್ರೀತಿಸುವುದಿಲ್ಲ ಅನ್ನುವವರಿಗೆ ಇದು ಸಾಕು. ಇನ್ನು ನಾಯಿ, ಪೇಟೆಯಲ್ಲಿ ಬಿಳಿ ಮುದ್ದೆಯಂತೆ ಕಾಣುವ ಸಮೊಯೆಡ್ ತಳಿ ಇದೆಯಲ್ಲ, ಅದರ ಮೂಲ ಇಲ್ಲಿನ ಜನರ ನಾಯಿಗಳೇ.

ಕೊನೆಗೆ ರಾಜ. ಇಂಥವರಿಗೆ ರಾಜ ಬೇಕಾ? ನನ್ನ ಪ್ರಕಾರ ಬೇಡ. ಆಸ್ತಿ ಎಲ್ಲ ನಾಲ್ಕು ಕಾಲಿನ ಮೇಲಿದೆ, ದೊರೆಯ ಜೊತೆ ಜಗಳ ಆದರೆ ರಾತ್ರೋರಾತ್ರಿ ಡೇರೆ ಬಿಚ್ಚಿ ಹೊರಟುಬಿಡಬಹುದು. ರಾಜ ಹೊರಗಿನಿಂದ ಬರಲಿ. ಇತಿಹಾಸದಲ್ಲೂ ಹಾಗೇ ಆಗಿದ್ದು. ರಷ್ಯಾದ ತ್ಸಾರ್‌ಗಳು ತುಪ್ಪಳದ ರೂಪದಲ್ಲಿ ಕಪ್ಪ ಕೇಳಿದರು. ಆಮೇಲೆ ಸೋವಿಯತ್ ಸರ್ಕಾರ ಮಂದೆಗಳನ್ನು ಸಾಮೂಹಿಕ ಮಾಡಲು ಹೊರಟಿತು, ಶಾಮನ್‌ಗಳನ್ನು ಹಿಡಿಯಿತು, ಮಕ್ಕಳನ್ನು ವಸತಿ ಶಾಲೆಗೆ ಒಯ್ದಿತು. 1934ರಲ್ಲಿ ಮತ್ತು 1943ರಲ್ಲಿ ನೆನೆತ್ಸರು ದಂಗೆ ಎದ್ದರು, ಎರಡನ್ನೂ ಸರ್ಕಾರ ಹತ್ತಿಕ್ಕಿತು. ಇವತ್ತಿಗೂ ಶಾಲೆ ಶುರುವಾಗುವಾಗ ಹೆಲಿಕಾಪ್ಟರ್ ಬಂದು ಡೇರೆಗಳಿಂದ ಮಕ್ಕಳನ್ನು ಕರೆದೊಯ್ಯುತ್ತದೆ. ಮತ್ತೆ ನೆಲದಡಿ ಗ್ಯಾಸ್. ಯಮಾಲಿನ ಬೊವನೆಂಕೊವೊ ಎಂಬಲ್ಲಿ 2012ರಲ್ಲಿ ಉತ್ಪಾದನೆ ಶುರುವಾಯಿತು, ಅಲ್ಲಿಗೆ 500 ಕಿಲೋಮೀಟರಿಗೂ ಉದ್ದದ ರೈಲು ದಾರಿ ಹಾಕಿದ್ದಾರೆ. ವಲಸೆ ದಾರಿಗೆ ರಸ್ತೆ ಅಡ್ಡ ಬಂದಾಗ ಲಾರಿಗಳನ್ನು ತಡೆದು ನಿಲ್ಲಿಸಿ, ಬಂಡಿಗಳ ತಳ ಸವೆಯದಿರಲಿ ಅಂತ ರಸ್ತೆಗಡ್ಡವಾಗಿ ಬಟ್ಟೆ ಹಾಸಿ, ಅದರ ಮೇಲೆ ಇಡೀ ಮಂದೆಯನ್ನು ದಾಟಿಸುತ್ತಾರೆ. 2016ರ ಬೇಸಿಗೆಯಲ್ಲಿ ಸೆಕೆ 35 ಡಿಗ್ರಿ ಮುಟ್ಟಿತು, ಯಮಾಲಿನಲ್ಲಿ ಆಂಥ್ರಾಕ್ಸ್ ರೋಗ ಎದ್ದು 2 ಸಾವಿರಕ್ಕೂ ಹೆಚ್ಚು ಸಾರಂಗಗಳು ಸತ್ತವು, 12 ವರ್ಷದ ಒಬ್ಬ ಹುಡುಗನೂ ಹೋದ. ಹೆಪ್ಪುಗಟ್ಟಿದ ನೆಲ ಕರಗಿ ಹಳೆಯ ಕಳೇಬರದ ರೋಗಾಣು ಮೇಲೆ ಬಂದಿರಬೇಕು ಅಂತ ಹೇಳಲಾಯಿತು, ಸಾರಂಗಗಳಿಗೆ ಲಸಿಕೆ ಹಾಕುವುದನ್ನು 2007ರಲ್ಲೇ ನಿಲ್ಲಿಸಿದ್ದರು. ನಿಮ್ಮ ಮಾಂತ್ರಿಕ ಶಾಪಕ್ಕಿಂತ ಇದು ಹೆಚ್ಚು ಮೈನಡುಗಿಸುತ್ತದೆ.

ಸೈಬೀರಿಯಾಕ್ಕೆ ಹೋಗುವುದು ಕಷ್ಟ. ಲಡಾಖಿನ ಚಾಂಗ್‌ಥಾಂಗ್‌ಗೆ ಹೋಗಬಹುದು. ಅಲ್ಲಿ 4,500 ಮೀಟರ್ ಎತ್ತರದಲ್ಲಿ ಚಾಂಗ್‌ಪಾ ಜನ ಪಶ್ಮೀನಾ ಮೇಕೆ, ಕುರಿ, ಯಾಕ್ ಮೇಯಿಸಿಕೊಂಡು ಯಾಕ್ ಕೂದಲ ಡೇರೆಗಳಲ್ಲಿ ಇರುತ್ತಾರೆ, ಹಿಂದೆ ಉಪ್ಪು ಕೊಟ್ಟು ಬಾರ್ಲಿ ತರುತ್ತಿದ್ದರು. ಅಷ್ಟು ದೂರವೂ ಆಗದಿದ್ದರೆ ಸುಗ್ಗಿ ಮುಗಿದ ಮೇಲೆ ಬಯಲುಸೀಮೆಯ ಹೊಲಗಳಲ್ಲಿ ತಂಗುವ ಕುರಿಗಾಹಿಗಳ ಹತ್ತಿರ ಎರಡು ದಿನ ಕೂತು ಬನ್ನಿ. ಹಿಮ ಸಿಗುವುದಿಲ್ಲ, ಆದರೆ ನಾಳೆ ಎಲ್ಲಿಗೆ ಅನ್ನುವುದನ್ನು ಅವರು ಹೇಗೆ ತೀರ್ಮಾನಿಸುತ್ತಾರೆ, ಹೆಂಗಸರು ಕತ್ತೆ ಅಥವಾ ಕುದುರೆಯ ಮೇಲೆ ಏನೇನು ಹೇರುತ್ತಾರೆ, ಯಾವುದನ್ನು ಬಿಡುತ್ತಾರೆ, ಹೊಲದ ಯಜಮಾನನ ಹತ್ತಿರ ಹೇಗೆ ಚೌಕಾಸಿ ಮಾಡುತ್ತಾರೆ ಅಂತ ಬರೆದುಕೊಳ್ಳಿ. ಆಮೇಲೆ ನಿಮ್ಮ ನಾಡಿನ ನಕ್ಷೆ ಮತ್ತೊಮ್ಮೆ ಬಿಡಿಸಿ, ಕೋಟೆಗಳನ್ನು ಅಳಿಸಿ, ಕಲ್ಲುಹೂವು ಎಲ್ಲಿ, ಹೊಳೆ ಯಾವಾಗ ಹೆಪ್ಪುಗಟ್ಟುತ್ತದೆ, ಗಾಳಿ ಯಾವ ಕಡೆಯಿಂದ ಅಂತ ಗುರುತು ಹಾಕಿ ನನಗೆ ಕಳಿಸಿ. ಅಧ್ಯಾಯಗಳನ್ನು ಆಮೇಲೆ ನೋಡೋಣ.